ಬೊಡೊದಿನ್‌ನಿಂದ ಹಿಂದಕ್ಕೆ ಎಣಿಸಿ: ಹತ್ತು ಟರ್ಕಿ ಸಾಕುವವರಿಗೆ ಹನ್ನೆರಡು ಸೂತ್ರಗಳು

ಡಿಸೆಂಬರ್ ಮೂರನೇ ವಾರ ಕೋಲ್ಕತ್ತಾದ ನ್ಯೂ ಮಾರ್ಕೆಟ್‌ಗೆ ಹೋಗಿ ನೋಡಬೇಕು. 1874ರಿಂದ ನಡೆಯುತ್ತಿರುವ ಆ ಕೆಂಪು ಇಟ್ಟಿಗೆಯ ಮಾರುಕಟ್ಟೆಯಲ್ಲಿ ಕೇಕಿನ ಅಂಗಡಿಗಳ ಮುಂದೆ ಉದ್ದ ಸಾಲು, ಮಾಂಸದ ಸಾಲಿನಲ್ಲಿ ಟರ್ಕಿ ಕೋಳಿಗೆ ಚೌಕಾಸಿ. ಬಂಗಾಳಿಗಳು ಬೊಡೊದಿನ್ ಎನ್ನುವ ಕ್ರಿಸ್ಮಸ್ ಕಳೆಯಿತೋ, ಟರ್ಕಿ ಕೇಳುವವರೇ ವಿರಳ. ಇದನ್ನು ಮರೆತು ಸಾಕಲು ಹೊರಟವರು ಮಾರ್ಚ್ ತಿಂಗಳಲ್ಲಿ ಎಂಟು ಕೆಜಿಯ ಹುಂಜಗಳಿಗೆ ಮೇವು ಹಾಕುತ್ತಾ ಕೂರುತ್ತಾರೆ. ನಾನೂ ಕೂತಿದ್ದೆ. ನಗರದ ದಕ್ಷಿಣಕ್ಕೆ, ಪೇರಲೆಗೆ ಹೆಸರಾದ ಬಾರುಯಿಪುರದ ಕಡೆ ಎಂಟು ಕಾಠಾ ಜಾಗದಲ್ಲಿ ಕಲಿತ ಪಾಠ ಇವು. ಒಂದು ಕಾಠಾ ಎಂದರೆ 720 ಚದರಡಿ. ಹತ್ತು ಹಕ್ಕಿಗೆ ಎಂಟು ಕಾಠಾ ಧಾರಾಳ.

1. ಕ್ಯಾಲೆಂಡರನ್ನು ಕೊನೆಯಿಂದ ಓದಿ. ಮನೆಯ ಮೇವಿನಲ್ಲಿ ಹೇಂಟೆಯೊಂದು ನಾಲ್ಕೈದು ಕೆಜಿ ತೂಗಲು ಐದು ತಿಂಗಳಾದರೂ ಬೇಕು. ಡಿಸೆಂಬರ್ 20ರಿಂದ 24 ವಾರ ಹಿಂದಕ್ಕೆ ಹೋದರೆ ಜುಲೈ ಮೊದಲ ವಾರ. ಮರಿಗಳೂ ಆಗ ಸಿಗುತ್ತವೆ, ಏಕೆಂದರೆ ಹಗಲು ಉದ್ದವಾಗುತ್ತಾ ಬಂದಂತೆ ಟರ್ಕಿ ಮೊಟ್ಟೆಗೆ ಕೂರುತ್ತದೆ. ತೊಂದರೆ ಒಂದೇ: ಜುಲೈ ಎಂದರೆ ಇಲ್ಲಿ ಮಳೆ, ಕೆಸರು, ಒಣಗದ ಬಟ್ಟೆ. ಪೇಟೆ ಕೇಳುವ ಕಾಲವೂ ಮರಿಗೆ ಒಗ್ಗುವ ಕಾಲವೂ ಕೋಲ್ಕತ್ತಾದಲ್ಲಿ ಹೊಂದುವುದಿಲ್ಲ. ಮುಂದಿನ ಸೂತ್ರಗಳಲ್ಲಿ ಅರ್ಧ ಈ ಜಗಳವನ್ನು ಬಗೆಹರಿಸಲಿಕ್ಕೇ ಇರುವುದು.

2. ಮೊದಲ ವರ್ಷ ತಿಂಗಳ ಮರಿಯನ್ನೇ ಕೊಳ್ಳಿ, ಆಗಸ್ಟ್ ಆರಂಭದಲ್ಲಿ. ಟರ್ಕಿ ಸಾಯುವುದು ಹೆಚ್ಚಾಗಿ ಮೊದಲ ನಾಲ್ಕು ವಾರಗಳಲ್ಲೇ. ಪಳಗಿದವರ ಕೈಯಲ್ಲೂ ನೂರಕ್ಕೆ ಆರರಿಂದ ಹತ್ತು ಹೋಗುವುದುಂಟು. ಬೆಲೆ ಹೆಚ್ಚಾದರೂ ಆ ನಾಲ್ಕು ವಾರದ ನಿದ್ದೆಗೇಡು ಬೇರೆಯವರದು. ಭಾನುವಾರ ಬಾಗ್‌ಬಜಾರಿನ ಗಾಲಿಫ್ ಸ್ಟ್ರೀಟ್ ಸಂತೆಯಲ್ಲಿ ಪಾರಿವಾಳದಿಂದ ಬಣ್ಣದ ಮೀನಿನವರೆಗೆ ಎಲ್ಲ ಸಿಗುತ್ತದೆ. ಸುತ್ತಾಡಿ ಬನ್ನಿ, ಟರ್ಕಿ ಮರಿಯನ್ನು ಮಾತ್ರ ಅಲ್ಲಿಂದ ತರಬೇಡಿ. ಹತ್ತೂರಿನ ಹಕ್ಕಿಗಳು ಉಸಿರು ಹಂಚಿಕೊಳ್ಳುವ ಜಾಗ ಅದು. ಫಾರಂನಿಂದಲೇ ತನ್ನಿ, ಯಾವ ಲಸಿಕೆ ಯಾವ ದಿನ ಹಾಕಿದ್ದಾರೆಂದು ಬರೆಸಿಕೊಳ್ಳಿ. ಕೊಕ್ಕರೆ ರೋಗ ಮತ್ತು ಕೋಳಿ ಸಿಡುಬು, ಎರಡರ ಲಸಿಕೆಯೂ ಬೇಕು.

3. ಒಂದು ದಿನದ ಮರಿಯೇ ಬೇಕೆಂದರೆ ಅದಕ್ಕೆ ಉಣ್ಣಲು ಕಲಿಸಿ. ಇದು ತಮಾಷೆಯಲ್ಲ. ಕೋಳಿಮರಿ ಹುಟ್ಟಿದ ಗಳಿಗೆಯಿಂದ ಕುಕ್ಕುತ್ತದೆ. ಟರ್ಕಿ ಮರಿಗೆ ಕಣ್ಣೂ ಮಂದ, ಅಂಜಿಕೆಯೂ ಹೆಚ್ಚು. ತುಂಬಿದ ತಟ್ಟೆಯ ಪಕ್ಕದಲ್ಲೇ ಹಸಿದು ಸಾಯುತ್ತದೆ. ತಟ್ಟೆಯನ್ನು ಬೆರಳಿನಿಂದ ತಟ್ಟುತ್ತಿರಿ. ನೀರಿನ ಬಟ್ಟಲಿಗೆ ನಾಲ್ಕು ಬಣ್ಣದ ಗೋಲಿ ಹಾಕಿ, ಹೊಳಪು ಕಂಡು ಕುಕ್ಕಿದಾಗ ನೀರು ನಾಲಿಗೆಗೆ ತಾಗುತ್ತದೆ. ಗೋಲಿ ತುಂಬಿದ್ದರೆ ಮುಳುಗುವ ಭಯವೂ ಇಲ್ಲ. ಹಸಿರು ಬಣ್ಣ ಅವಕ್ಕೆ ಇಷ್ಟ, ಆದ್ದರಿಂದ ಮೇವಿನ ಮೇಲೆ ಸಣ್ಣಗೆ ಹೆಚ್ಚಿದ ಸೊಪ್ಪು ಉದುರಿಸಿ. ಮೊದಲ ಹದಿನೈದು ದಿನ ಹತ್ತು ಮರಿಗೆ ಒಂದು ಬೇಯಿಸಿದ ಮೊಟ್ಟೆ, ಲೀಟರ್ ನೀರಿಗೆ 100 ಮಿಲಿ ಹಾಲು. ಬಲ್ಬಿನ ಕೆಳಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಇರಲಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಥರ್ಮಾಮೀಟರಿಗಿಂತ ಮರಿಗಳನ್ನೇ ನಂಬಿ: ಬಲ್ಬಿನಡಿ ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ಮಳೆಗಾಲದಲ್ಲಿ ಕರೆಂಟು ಹೋಗುವುದು ಖಚಿತ. ಇನ್ವರ್ಟರ್ ಇಲ್ಲದವರು ಎರಡನೇ ಸೂತ್ರಕ್ಕೆ ಮರಳುವುದು ಒಳ್ಳೆಯದು.

4. ನಾಟಿ ಕೋಳಿಯ ಜತೆ ಬಿಡಬೇಡಿ. ಕೋಳಿಯ ಹೊಟ್ಟೆಯಲ್ಲಿರುವ ಒಂದು ಜಂತುಹುಳದ ಮೊಟ್ಟೆಯೊಳಗೆ ಬ್ಲ್ಯಾಕ್‌ಹೆಡ್ ರೋಗದ ಸೂಕ್ಷ್ಮಜೀವಿ ಅಡಗಿರುತ್ತದೆ. ಎರೆಹುಳು ಅದನ್ನು ನುಂಗುತ್ತದೆ, ಟರ್ಕಿ ಎರೆಹುಳುವನ್ನು ನುಂಗುತ್ತದೆ. ಕೋಳಿಗೆ ಹೆಚ್ಚೇನೂ ಆಗುವುದಿಲ್ಲ. ಟರ್ಕಿಯ ಹಿಕ್ಕೆ ಗಂಧಕದ ಹಳದಿಗೆ ತಿರುಗಿ, ಯಕೃತ್ತು ಕೆಟ್ಟು, ಹಿಂಡೇ ಮಲಗಬಹುದು. ಮಳೆಗಾಲದ ಗಂಗಾಬಯಲಿನ ಮಣ್ಣಿನಲ್ಲಿ ಎರೆಹುಳುವಿಗೇನು ಕೊರತೆ! ಹಿಂದೆ ಕೋಳಿ ಓಡಾಡಿದ ಜಾಗವೂ ಬೇಡ.

5. ಮೇವಿನ ಚೀಲದ ಚೀಟಿ ಓದಿ. ಮೊದಲ ತಿಂಗಳು ಟರ್ಕಿಗೆ ನೂರಕ್ಕೆ 28ರಷ್ಟು ಪ್ರೊಟೀನ್ ಬೇಕು, ಬ್ರಾಯ್ಲರ್ ಮೇವಿನಲ್ಲಿ ಅಷ್ಟಿರುವುದಿಲ್ಲ. ಮೊಟ್ಟೆ, ಸೋಯಾ ಹಿಂಡಿ, ಪುಡಿಮಾಡಿದ ಒಣಮೀನು ಸೇರಿಸಿ ಸರಿದೂಗಿಸಬಹುದು. ಆದರೆ ಚೀಟಿಯಲ್ಲಿ ಸ್ಯಾಲಿನೊಮೈಸಿನ್ ಎಂದಿದ್ದರೆ ಆ ಚೀಲ ಮುಟ್ಟಬೇಡಿ. ಬ್ರಾಯ್ಲರಿಗೆ ರಕ್ತಭೇದಿ ಬಾರದಂತೆ ಬೆರೆಸುವ ಮದ್ದು ಅದು, ಟರ್ಕಿಗೆ ವಿಷ. ಕಾಲು ಸೋತು ಬಿದ್ದ ಹಕ್ಕಿಗಳನ್ನು ಕಂಡು ರೋಗವೆಂದು ಊಹಿಸಿ ವಾರಗಟ್ಟಲೆ ಅಲೆದವರನ್ನು ಬಲ್ಲೆ.

6. ಎಂಟು ವಾರ ದಾಟಿದ ಮೇಲೆ ಮೇಯಲು ಬಿಡಿ. ಗಂಡು 24 ವಾರಕ್ಕೆ 24ರಿಂದ 26 ಕೆಜಿ ಮೇವು ತಿನ್ನುತ್ತದೆ, ಹೆಣ್ಣು 17ರಿಂದ 19. ಸೊಪ್ಪು ಹೆಚ್ಚು ಕೊಟ್ಟರೆ ಈ ಖರ್ಚು ಚೆನ್ನಾಗಿಯೇ ಇಳಿಯುತ್ತದೆ. ಬಂಗಾಳದ ಕೊಳದಂಚಿನ ಕಲ್ಮಿ ಸೊಪ್ಪು, ನುಗ್ಗೆ ಸೊಪ್ಪು, ಬಿದ್ದ ಪೇರಲೆ, ಮಿಡತೆ, ಬಸವನಹುಳು ಎಲ್ಲವೂ ಆದೀತು. ತಂತಿ ಚೂರು, ಮೊಳೆ, ಗಾಜು ಕೂಡ ಆದೀತು ಎನ್ನುವುದೇ ಕಷ್ಟ. ಹೊಳೆಯುವುದನ್ನೆಲ್ಲ ನುಂಗುವ ಹಕ್ಕಿ ಇದು. ಕೊಟ್ಟಿಗೆ ಕಟ್ಟಿದ ಮೇಲೆ ನೆಲವನ್ನು ಕೈಯಿಂದಲೇ ಹೆಕ್ಕಿ.

7. ನೆಲ ಎತ್ತರಿಸಿ, ಕನಿಷ್ಠ ಎರಡಡಿ. ಮಳೆಯಲ್ಲಿ ಟರ್ಕಿ ಬಾಯಿ ತೆರೆದು ಆಕಾಶ ನೋಡುತ್ತಾ ಮುಳುಗಿ ಸಾಯುತ್ತದೆ ಎಂಬ ಕತೆ ಸುಳ್ಳು. ನಿಜ ಸಪ್ಪೆಯಾದದ್ದು: ತೊಯ್ದ ಮರಿ ಚಳಿಗೆ ಸಾಯುತ್ತದೆ, ಒದ್ದೆ ಹೊಟ್ಟಿನ ಮೇಲೆ ನಿಂತದ್ದು ಕಾಲುನೋವಿಗೆ. ಭತ್ತದ ಹೊಟ್ಟನ್ನು ಎರಡಂಗುಲ ಹಾಸಿ, ದಿನಾ ಕೆದಕಿ.

8. ರಾತ್ರಿ ಬೀಗ. ಕೋಲ್ಕತ್ತಾದ ಅಂಚಿನಲ್ಲಿ ನರಿಗಳು ಇನ್ನೂ ಇವೆ. ಭಾಮ್ ಎನ್ನುವ ಪುನುಗು ಬೆಕ್ಕು ಮರ ಏರುತ್ತದೆ, ಆದ್ದರಿಂದ ಪೇರಲೆ ಕೊಂಬೆಯ ಮೇಲೆ ಮಲಗಲು ಬಿಡಬೇಡಿ. ಒಂದೇ ಕಡೆಯ ರೆಕ್ಕೆಗರಿ ಕತ್ತರಿಸಿದರೆ ಹಾರಾಟ ನಿಲ್ಲುತ್ತದೆ.

9. ಕಾಳೀಪೂಜೆಯ ರಾತ್ರಿ ಹಿಂಡಿನ ಜತೆ ಇರಿ. ಪಟಾಕಿಗೆ ಬೆಚ್ಚಿದ ಟರ್ಕಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬೀಳುತ್ತವೆ; ಅಡಿಯಲ್ಲಿದ್ದದ್ದು ಉಸಿರುಕಟ್ಟಿ ಸಾಯುತ್ತದೆ. ಮೊದಲ ವರ್ಷ ನನ್ನ ಎರಡು ಹೇಂಟೆ ಹಾಗೇ ಹೋದವು, ಅದೂ ನಾಲ್ಕು ತಿಂಗಳು ಸಾಕಿದ ಮೇಲೆ. ಮೂಲೆಗಳಿಗೆ ತಗಡು ಬಾಗಿಸಿ ಹೊಡೆದು ದುಂಡಗೆ ಮಾಡಿ, ಮಂದ ದೀಪ ಉರಿಯಲಿ.

10. ನೆರೆಯವರಿಗೆ ಮೊದಲೇ ಹೇಳಿ. ದೊಡ್ಡ ಸದ್ದಿಗೆಲ್ಲ ಹುಂಜ ಗುಳುಗುಳು ಎಂದು ಮಾರುತ್ತರ ಕೊಡುತ್ತದೆ. ಬಂಗಾಳಿ ಮನೆಗಳಲ್ಲಿ ಮುಸ್ಸಂಜೆ ಶಂಖ ಊದುವುದು ವಾಡಿಕೆ. ನಮ್ಮ ಹುಂಜಗಳು ಒಂದು ದಿನವೂ ಆ ಪೂಜೆ ತಪ್ಪಿಸಲಿಲ್ಲ. ಪಕ್ಕದ ಮನೆಯ ಮಾಶಿಮಾ ಮೊದಲು ಸಿಡುಕಿದರು, ಆಮೇಲೆ ಅಕ್ಕಿ ನುಚ್ಚು ತಂದು ಹಾಕತೊಡಗಿದರು. ಎಲ್ಲ ನೆರೆಯವರೂ ಹಾಗಿರುವುದಿಲ್ಲ.

11. ಹೇಂಟೆ ಹೆಚ್ಚಿರಲಿ. ಗಾತ್ರ ನೋಡಿ ಹಿಗ್ಗುವವರು ಹುಂಜ ಸಾಕುತ್ತಾರೆ, ಗಿರಾಕಿಯ ಮನೆಯ ಓವನ್ನಿನೊಳಗೆ ಅದು ಹಿಡಿಸುವುದಿಲ್ಲ. ಅಮೆರಿಕದ ಕೃಷಿ ಇಲಾಖೆ 1930ರ ದಶಕದಲ್ಲಿ ಬೆಲ್ಟ್ಸ್‌ವಿಲ್ ಎಂಬಲ್ಲಿ ಪುಟ್ಟ ಬಿಳಿ ತಳಿ ಬೆಳೆಸಲು ಹೊರಟದ್ದೂ ಇದೇ ಕಾರಣಕ್ಕೆ. ಮದ್ರಾಸಿನ ನಂದನಂ ಟರ್ಕಿ-1ರಲ್ಲಿ ಅದರ ರಕ್ತವಿದೆ. ಬರೇಲಿಯ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯ ಕ್ಯಾರಿ ವಿರಾಟ್ ಅಗಲ ಎದೆಯ ಬಿಳಿ ಹಕ್ಕಿ, ಮಾಂಸಕ್ಕೇ ಬೆಳೆಸಿದ್ದು.

12. ದುರ್ಗಾಪೂಜೆ ಮುಗಿದ ವಾರವೇ ಮುಂಗಡ ಕೇಳಿ. ಸರ್ಕಾರದ ಹರಿಣಘಾಟಾ ಮಾಂಸದ ಮಳಿಗೆಗಳಲ್ಲೂ ಟರ್ಕಿ ಮಾರುತ್ತಾರೆ. ಬೆಲೆಯಲ್ಲಿ ಅವರೊಂದಿಗೆ ಪೈಪೋಟಿ ಬೇಡ, ಪರಿಚಯದ ಹತ್ತು ಮನೆ ಸಾಕು. ಹಕ್ಕಿ ಮಂಕಾದರೆ ಅಂಗಡಿಯ ಮದ್ದಿಗೆ ಓಡದೆ ಬೆಲ್ಗಾಛಿಯಾದ ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಒಯ್ಯಿರಿ. 2008ರ ಜನವರಿಯಲ್ಲಿ ಬೀರ್ಭೂಮ್‌ನಿಂದ ಹಬ್ಬಿದ ಹಕ್ಕಿಜ್ವರಕ್ಕೆ ಈ ರಾಜ್ಯದಲ್ಲಿ ಲಕ್ಷಾಂತರ ಕೋಳಿ ಕೊಲ್ಲಬೇಕಾಯಿತು. ಸಾಲು ಸಾವು ಕಂಡರೆ ಮುಚ್ಚಿಡದೆ ತಿಳಿಸಿ.

ಹಿಂಡಿನಲ್ಲಿ ಒಂದು ಹುಂಜ, ನಾಲ್ಕೈದು ಹೇಂಟೆ ಉಳಿಸಿಕೊಂಡರೆ ಮುಂದಿನ ವರ್ಷ ಮರಿಗೆ ಯಾರ ಬಾಗಿಲಿಗೂ ಹೋಗಬೇಕಿಲ್ಲ. ಮೂವತ್ತು ವಾರಕ್ಕೆ, ಅಂದರೆ ಫೆಬ್ರವರಿ ಹೊತ್ತಿಗೆ ಮೊಟ್ಟೆ ಶುರು. ಕಾವು 28 ದಿನ. ಬುಟ್ಟಿ ಹಿಡಿದು ಬೆಳಿಗ್ಗೆ ಹೋಗಬೇಡಿ, ಟರ್ಕಿ ಹೆಚ್ಚಾಗಿ ಮೊಟ್ಟೆ ಇಡುವುದು ಮಧ್ಯಾಹ್ನದ ಮೇಲೆ.