ಪ್ರಾಣಿಗಳು ಯಾಕೆ ತಿರುಗಿಬೀಳುತ್ತವೆ?



*ಇಂದಿನ ಧಮ್ಮ ಚಿಂತನೆ*
ವಿಷಯ: ಪಟಿಚ್ಚಸಮುಪ್ಪಾದ ಮತ್ತು ಮೈತ್ರಿ

ಧಮ್ಮಮಿತ್ರರೇ,

ಹಿಚ್‌ಕಾಕ್ ನಿರ್ದೇಶಿಸಿದ ‘ದಿ ಬರ್ಡ್ಸ್’ 1963ರ ಚಿತ್ರ. ಕಡಲತೀರದ ಪುಟ್ಟ ಊರೊಂದರಲ್ಲಿ ಹಕ್ಕಿಗಳು ಇದ್ದಕ್ಕಿದ್ದಂತೆ ಮನುಷ್ಯರ ಮೇಲೆ ಎರಗುತ್ತವೆ. ಯಾಕೆ ಎಂದು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಹಕ್ಕಿಗಳಲ್ಲ, ಹೋಟೆಲಿನ ಒಂದು ದೃಶ್ಯ. ಹೆದರಿದ ತಾಯಿಯೊಬ್ಬಳು, ಊರಿಗೆ ಹೊಸದಾಗಿ ಬಂದ ಹೆಣ್ಣುಮಗಳೇ ಇದಕ್ಕೆಲ್ಲ ಮೂಲ ಎಂದು ಅವಳ ಮೇಲೆ ಕಿರುಚುತ್ತಾಳೆ. ಕಾರಣ ತಿಳಿಯದಾಗ ಭಯಪಟ್ಟ ಮನಸ್ಸು ಒಬ್ಬ ಅಪರಾಧಿಯನ್ನು ಹುಡುಕಿಕೊಳ್ಳುತ್ತದೆ.

*ಕಾರಣವಿಲ್ಲದೆ ಯಾವುದೂ ಇಲ್ಲ*

ಚಿತ್ರಕ್ಕೆ ಎರಡು ವರ್ಷ ಮೊದಲು, 1961ರ ಆಗಸ್ಟ್‌ನಲ್ಲಿ, ಕ್ಯಾಲಿಫೋರ್ನಿಯಾದ ಕ್ಯಾಪಿಟೋಲಾದಲ್ಲಿ ಇಂಥದ್ದು ನಿಜವಾಗಿ ನಡೆಯಿತು. ರಾತ್ರೋರಾತ್ರಿ ಕಡಲಹಕ್ಕಿಗಳು ಮನೆಗಳಿಗೆ ಬಂದು ಅಪ್ಪಳಿಸಿದವು, ಬೀದಿಯಲ್ಲಿ ಮೀನು ಕಾರಿಕೊಂಡು ಸತ್ತವು. ಸುಮಾರು ಐವತ್ತು ವರ್ಷದ ಮೇಲೆ ವಿಜ್ಞಾನಿಗಳು ಆ ಕಾಲದಲ್ಲೇ ಸಂಗ್ರಹಿಸಿಟ್ಟಿದ್ದ ಕಡಲಜೀವಿಗಳ ಮಾದರಿಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ನರಗಳಿಗೆ ಹಾನಿ ಮಾಡುವ ವಿಷ ಹುಟ್ಟಿಸುವ ಸೂಕ್ಷ್ಮ ಪಾಚಿ ಕಂಡುಬಂತು. ಪಾಚಿಯಿಂದ ಸಣ್ಣ ಮೀನಿಗೆ, ಮೀನಿನಿಂದ ಹಕ್ಕಿಗೆ ವಿಷ ಏರಿರಬೇಕು ಎಂದು ಅವರು ತೀರ್ಮಾನಿಸಿದರು. ದಾಳಿ ಮಾಡಿದಂತೆ ಕಂಡ ಹಕ್ಕಿಗಳು ನಿಜವಾಗಿ ಸಾಯುತ್ತಿದ್ದವು.

ನಾಳಾಗಿರಿಯ ಕಥೆ ನಮಗೆಲ್ಲ ಗೊತ್ತು. ರಾಜಗೃಹದ ಬೀದಿಯಲ್ಲಿ ಬುದ್ಧರ ಮೇಲೆ ನುಗ್ಗಿದ ಆನೆ ಅದು. ಅದನ್ನು ಬಿಡಿಸಿದವನು ದೇವದತ್ತ; ಅದಕ್ಕೆ ಹೆಂಡ ಕುಡಿಸಿದ್ದರು ಎಂದು ಜಾತಕ ಕಥೆ ಹೇಳುತ್ತದೆ. ಜನ ಕಂಡದ್ದು ಕೊಲ್ಲುವ ಆನೆಯನ್ನು. ಬುದ್ಧರು ಕಂಡದ್ದು ಮತ್ತೇರಿಸಿ ಬೀದಿಗೆ ಬಿಟ್ಟ ಒಂದು ಜೀವವನ್ನು. ಮೈತ್ರಿಗೆ ಮೊದಲು ಬೇಕಾದದ್ದು ಈ ನೋಟ.

*ನಮ್ಮ ಬೀದಿಯಲ್ಲಿ*

2007ರ ಜನವರಿಯಲ್ಲಿ ವಿಜಯನಗರದ ಪಕ್ಕದ ಚಂದ್ರಾ ಲೇಔಟ್‌ನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಬೀದಿನಾಯಿಗಳ ಗುಂಪಿಗೆ ಸಿಕ್ಕಿ ಸತ್ತಳು. ಕೆಲವೇ ವಾರಗಳಲ್ಲಿ ನಗರದಲ್ಲಿ ಇನ್ನೊಂದು ಮಗುವೂ ಹಾಗೇ ಹೋಯಿತು. ನಾಯಿಗಳನ್ನು ಹಿಡಿಯುವ ಕಾರ್ಯಾಚರಣೆ ಶುರುವಾಯಿತು, ಅದರ ವಿರುದ್ಧ ಪ್ರತಿಭಟನೆಯೂ ಆಯಿತು. ಕೆಲವರಿಗೆ ನಾಯಿ ಅಪರಾಧಿ, ಕೆಲವರಿಗೆ ಅನ್ನ ಹಾಕುವವರು, ಇನ್ನು ಕೆಲವರಿಗೆ ಪಾಲಿಕೆ.

ಆದರೆ 2023ರ ಗಣತಿಯಲ್ಲೂ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಯಾಕೆ? ಮೂಲೆಯಲ್ಲಿ ಕಸ ಬೀಳುತ್ತದೆ, ಕಸದಲ್ಲಿ ಮಾಂಸದ ತುಂಡು ಇರುತ್ತದೆ. ತಿನ್ನಲು ಇದ್ದಲ್ಲಿ ನಾಯಿ ಸೇರುತ್ತದೆ, ಸೇರಿದ ನಾಯಿ ಮರಿ ಹಾಕುತ್ತದೆ. ಗುಂಪಾದಾಗ ಒಂಟಿ ನಾಯಿಗಿಲ್ಲದ ಧೈರ್ಯ ಬರುತ್ತದೆ. ಒಂದು ಗುಂಪನ್ನು ತೆಗೆದರೆ ಖಾಲಿ ಜಾಗಕ್ಕೆ ಇನ್ನೊಂದು ಬರುತ್ತದೆ, ಏಕೆಂದರೆ ಕಸ ಅಲ್ಲೇ ಇದೆ. ಇದು ಇದ್ದರೆ ಅದು ಇರುತ್ತದೆ. ಪಟಿಚ್ಚಸಮುಪ್ಪಾದ ಕಲಿಯಲು ನಮ್ಮ ಬೀದಿಯ ಮೂಲೆಯೇ ಸಾಕು.

ಹೋದ ವಾರದ ಅಧ್ಯಯನದಲ್ಲಿ ಹಿರಿಯರೊಬ್ಬರು ನೇರವಾಗಿ ಕೇಳಿದರು: “ಮೈತ್ರಿ ಅಂದ್ರೆ ಕಚ್ಚಿಸಿಕೊಂಡು ಸುಮ್ನಿರೋದಾ?” ಅಲ್ಲ. ಆ ಮಗುವನ್ನು ಕಳೆದುಕೊಂಡ ಮನೆಯವರ ಮುಂದೆ ನಿಂತು ಹೇಳಲಾಗದ ಮಾತು ಮೈತ್ರಿಯಲ್ಲ. ಮಗುವಿನ ಮೇಲೂ ನಾಯಿಯ ಮೇಲೂ ಮೈತ್ರಿ ಇರುವವರು ಕಾರಣದ ಸರಪಳಿಯಲ್ಲಿ ತಮ್ಮ ಕೈಗೆ ಸಿಗುವ ಕೊಂಡಿಯನ್ನು ಕಳಚುತ್ತಾರೆ. ಸಂತಾನಹರಣ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ ಅದೇ ಜಾಗಕ್ಕೆ ಬಿಡಬೇಕೆಂದಿದ್ದ 2001ರ ನಿಯಮದ ಹಿಂದೆ ಇದ್ದದ್ದೂ ಇದೇ ಲೆಕ್ಕ. ಅದು ಫಲಿಸಬೇಕಾದರೆ ಕಸವೂ ನಿಲ್ಲಬೇಕು.

*ಇಂದಿನ ಅಭ್ಯಾಸ*

1️⃣ ಉಳಿದ ಅನ್ನ, ಮೂಳೆ ಬೀದಿಗೆ ಬೀಳದಂತೆ ಕಸದ ಗಾಡಿಗೇ ಕೊಡಿ. ನಾಯಿಗೆ ಊಟ ಹಾಕುವವರು ಮಕ್ಕಳು ಆಡದ ಜಾಗದಲ್ಲಿ ಹಾಕಿ, ಮಿಕ್ಕಿದ್ದನ್ನು ತೆಗೆಯಿರಿ.
2️⃣ ನಾಯಿ ಬೊಗಳಿದರೆ ಓಡಬಾರದು, ಕಲ್ಲೆತ್ತಬಾರದು, ನಿಧಾನಕ್ಕೆ ಹಿಂದೆ ಸರಿಯಬೇಕು ಎಂದು ಮಕ್ಕಳಿಗೆ ಕಲಿಸಿ. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ತಡ ಬೇಡ.
3️⃣ ಸಂಜೆ ಐದು ನಿಮಿಷ ಕುಳಿತು, ನಿಮಗೆ ಭಯ ಹುಟ್ಟಿಸುವ ಒಂದು ಪ್ರಾಣಿಯನ್ನು ನೆನೆದು ಮೈತ್ರಿ ಭಾವಿಸಿ. ನಂತರ ಅದನ್ನು ಕಂಡರಾಗದ ಪಕ್ಕದ ಮನೆಯವರಿಗೂ ಅದೇ ಮೈತ್ರಿ ಭಾವಿಸಿ. ಎರಡನೆಯದೇ ಕಷ್ಟ.

*ಯೋಚಿಸಲು:* ಇಂದು ನಾನು ಯಾರನ್ನು ಅಪರಾಧಿ ಎಂದುಕೊಂಡೆ? ಅಲ್ಲಿ ನಾನು ನೋಡದೆ ಬಿಟ್ಟ ಕಾರಣ ಯಾವುದು?

ಕಾಲಿಲ್ಲದ, ಎರಡು ಕಾಲಿನ, ನಾಲ್ಕು ಕಾಲಿನ ಎಲ್ಲ ಜೀವಿಗಳಿಗೂ ಒಳಿತಾಗಲಿ.

ಸಾಧು! ಸಾಧು! ಸಾಧು! 🙏