ಎರಡು ಕೆಬಿಯ ಇಸಿ

ತೋಟದ ಮೇಲೆ ಸಾಲ ಕೇಳಿದವರಿಗೆ ಗೊತ್ತೇ ಇದೆ, ಪಹಣಿ, ಮ್ಯುಟೇಶನ್, ಇಸಿ (ಋಣಭಾರ ಪ್ರಮಾಣಪತ್ರ) ಮೂರೂ ಕೈಯಲ್ಲಿಲ್ಲದಿದ್ದರೆ ಬ್ಯಾಂಕಿನವರು ತಲೆ ಎತ್ತಿಯೂ ನೋಡುವುದಿಲ್ಲ. ನನಗೆ ಮೊದಲೆರಡು ಸಿಕ್ಕಿದ್ದವು. ಇಸಿ ಮಾತ್ರ ಬ್ರೌಸರಿನಲ್ಲಿ ಬಿಚ್ಚಿಕೊಳ್ಳಲೇ ಇಲ್ಲ.

ಅರಸೀಕೆರೆ ಬಸ್ ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರ್. ಬ್ಯಾಂಕ್ ಮುಚ್ಚುವ ಹೊತ್ತು ಹತ್ತಿರ. ‘ನಾಳೆ ನಿಮ್ಮ ಕಡೆ ತೋಟ ನೋಡೋಕೆ ಬರ್ತೀವಿ, ಇವತ್ತೇ ಪೇಪರ್ ಕೊಡಿ’ ಎಂದು ಮ್ಯಾನೇಜರ್ ಹೇಳಿಯಾಗಿತ್ತು. ಕ್ಲಿಕ್ ಮಾಡಿದಾಗೆಲ್ಲ ಬೂದು ಪರದೆ, ಪಿಡಿಎಫ್ ಲೋಡ್ ಆಗಲಿಲ್ಲವೆಂಬ ಅದೇ ಸಾಲು. ಬೆನ್ನ ಹಿಂದೆ ಕ್ಯೂ ಬೆಳೆಯುತ್ತಿತ್ತು. ಸೈಬರ್ ಹುಡುಗ, ‘ಅಂಕಲ್, ಫೈಲ್ ಕರಪ್ಟ್, ಇನ್ನೊಂದ್ಸಲ ದುಡ್ಡು ಕಟ್ಟಿ’ ಎಂದುಬಿಟ್ಟ. ಬೇಲೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಭಾಮೈದನಿಗೆ ಫೋನ್ ಮಾಡಿದೆ. 2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಫಾರಿನ್ನವರೂ ಅಂಗಡಿಗೆ ಬರುತ್ತಾರೆಂದು ಅವನಿಗೆ ಧಿಮಾಕು. ‘ಭಾವ, ಕ್ರೋಮ್ ಡಿಲೀಟ್ ಮಾಡಿ ಮತ್ತೆ ಹಾಕ್ಸಿ’ ಎಂದ. ಹಾಕಿಸಿದ್ದೂ ಆಯಿತು. ಅದೇ ಬೂದು ಪರದೆ.

ಕೊಬ್ಬರಿ ಚೀಲ ಎತ್ತಿ ನೋಡಿಯೇ ತೂಕ ಹೇಳುವವನು ನಾನು. ಡೌನ್‌ಲೋಡ್ ಫೋಲ್ಡರ್ ತೆಗೆಸಿ ನೋಡಿದರೆ ಪಹಣಿ ನೂರಾರು ಕೆಬಿ, ಇಸಿ ಬರೀ ಎರಡು ಕೆಬಿ! ಹುಡುಗ ಬೇಡವೆಂದರೂ ಕೇಳದೆ ನೋಟ್‌ಪ್ಯಾಡಿನಲ್ಲಿ ತೆರೆಸಿದೆ. ನಿಜವಾದ ಪಿಡಿಎಫ್ ಆಗಿದ್ದರೆ ಮೊದಲ ಸಾಲಿನಲ್ಲೇ ಶೇಕಡಾ ಚಿಹ್ನೆ, ಅದಕ್ಕಂಟಿಕೊಂಡು ಪಿಡಿಎಫ್ ಎಂದಿರುತ್ತದೆ. ಇಲ್ಲಿದ್ದದ್ದು ಎಚ್‌ಟಿಎಂಎಲ್. ದುಡ್ಡು ಕಟ್ಟಿ ಮುಗಿಸುವಷ್ಟರಲ್ಲಿ ಪೋರ್ಟಲ್ಲಿನ ಲಾಗಿನ್ ಅವಧಿ ಮುಗಿದು, ‘ಮತ್ತೆ ಲಾಗಿನ್ ಆಗಿ’ ಎನ್ನುವ ಪುಟವೇ ಪಿಡಿಎಫ್ ಹೆಸರಿನಲ್ಲಿ ಇಳಿದಿತ್ತು. ಅದನ್ನು ಪರದೆಯ ಮೇಲೆ ಒಂದು ಸಾಲು ಕನ್ನಡದಲ್ಲಿ ಹೇಳಿದ್ದರೆ ಆ ಪೋರ್ಟಲ್ ಮಾಡಿದವರ ಗಂಟೇನು ಹೋಗುತ್ತಿತ್ತು?

ಮತ್ತೆ ಲಾಗಿನ್ ಆಗಿ, ಅಡ್ರೆಸ್ ಪಟ್ಟಿಯ ಬಲತುದಿಯಲ್ಲಿ ಪಾಪ್‌ಅಪ್ ತಡೆದಿದ್ದನ್ನು ಬಿಡಿಸಿದೆ. ಸಹಿ ಸಮೇತ ಇಸಿ ಬಂತು. ಎರಡನೇ ಸಲ ದುಡ್ಡು ಕಟ್ಟಲಿಲ್ಲ.

ನಿಮಗೂ ಹೀಗಾದರೆ ಮೊದಲು ಫೈಲಿನ ಸೈಜ್ ನೋಡಿ. ಫೈರ್‌ಫಾಕ್ಸಿಗೆ 2013ರಿಂದ ತನ್ನದೇ ಪಿಡಿಎಫ್ ರೀಡರ್ ಇದೆ. ಕ್ರೋಮ್ ಒಲ್ಲೆ ಎಂದದ್ದನ್ನು ಅದರೊಳಗೆ ಎಳೆದು ಹಾಕಿ. ಅದೂ ಒಲ್ಲೆ ಎಂದರೆ ಬಹುಪಾಲು ಫೈಲಿನದೇ ದೋಷ. ತೆರೆಯುವ ಬದಲು ಬರೀ ಡೌನ್‌ಲೋಡ್ ಆಗುತ್ತಿದ್ದರೆ ಕ್ರೋಮ್ ಸೆಟ್ಟಿಂಗ್ಸಿನಲ್ಲಿ ಅದನ್ನು ಬದಲಿಸಬಹುದು. ಇ-ಆಧಾರ್ ಪಾಸ್‌ವರ್ಡ್ ಕೇಳಿದರೆ ಹೆದರಬೇಡಿ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಬೆನ್ನಿಗೇ ಹುಟ್ಟಿದ ವರ್ಷ. ಕಾರ್ಡಿನಲ್ಲಿರುವ ಹೆಸರು, ಊರಲ್ಲಿ ಕರೆಯುವುದಲ್ಲ.