ಲೋಹದ ಮೇಲೆ ಖಾಲಿ ಜಾಗವಿಲ್ಲ

ಪ್ರಶ್ನೆ: ನಮ್ಮದು ಸಣ್ಣ ನಿಕಲ್ ಪ್ಲೇಟಿಂಗ್ ಘಟಕ. ತೊಟ್ಟಿಗೆ ಲೀಟರಿಗೆ ಒಂದೆರಡು ಗ್ರಾಂ ಸ್ಯಾಕರಿನ್, ಅದಕ್ಕಿಂತ ಕಡಿಮೆ ಬ್ಯೂಟೈನ್‌ಡಯಾಲ್ ಹಾಕುತ್ತೇವೆ. ಇಷ್ಟರಲ್ಲೇ ಕನ್ನಡಿಯ ಹೊಳಪು ಬರುತ್ತದೆ, ಕೈ ಜಾರಿ ಹೆಚ್ಚಾದರೆ ಕೋಟಿಂಗ್ ಬಿರುಕು ಬಿಡುತ್ತದೆ. ಯಾಕೆ?
– ಓದುಗರೊಬ್ಬರು, ಪೀಣ್ಯ

ಉತ್ತರ: ಇವುಗಳ ಕೆಲಸ ನಡೆಯುವುದು ತೊಟ್ಟಿಯ ತುಂಬ ಅಲ್ಲ, ಕ್ಯಾಥೋಡ್ ಆಗಿರುವ ಜಾಬಿನ ಮೈಮೇಲೆ ಮಾತ್ರ. ಅಣುವೊಂದರಷ್ಟು ದಪ್ಪದ ಪದರಕ್ಕೆ ಸರಕು ಹೆಚ್ಚು ಬೇಕಿಲ್ಲ. ಸ್ಯಾಕರಿನ್ ಅಣುಗಳು ನಿಕಲ್ ಹರಳು ಬೆಳೆಯುವ ಜಾಗಗಳಲ್ಲಿ ಅಂಟಿ ಕೂರುತ್ತವೆ. ಹರಳು ದಪ್ಪವಾಗಲು ಎಡೆ ಸಿಗದೆ ಹೊಸ ಹೊಸ ಸಣ್ಣ ಹರಳುಗಳು ಹುಟ್ಟುತ್ತವೆ. ಪದರದೊಳಗಿನ ಎಳೆತವೂ ತಗ್ಗುತ್ತದೆ.

ಬ್ಯೂಟೈನ್‌ಡಯಾಲ್‌ನ ದಾರಿ ಬೇರೆ. ಮೇಲ್ಮೈಯ ಉಬ್ಬುಗಳಿಗೆ ಅದು ದ್ರಾವಣದಿಂದ ಬೇಗ ತಲುಪುತ್ತದೆ, ಗೀರುಗಳ ತಳಕ್ಕೆ ತಡವಾಗಿ. ಹಾಗಾಗಿ ಉಬ್ಬಿನ ಮೇಲೆ ನಿಕಲ್ ಕೂರುವುದು ನಿಧಾನವಾಗುತ್ತದೆ, ತಗ್ಗು ತುಂಬಿಕೊಳ್ಳುತ್ತದೆ. ಆದರೆ ಅಂಟಿದ ಅಣುಗಳಲ್ಲಿ ಕೆಲವು ಒಡೆದು, ಅವುಗಳ ಇಂಗಾಲ, ಗಂಧಕ ಲೋಹದೊಳಗೇ ಹೂತುಹೋಗುತ್ತವೆ. ಬ್ಯೂಟೈನ್‌ಡಯಾಲ್ ಮಿತಿ ಮೀರಿದರೆ ಕೋಟಿಂಗ್ ಪೆಡಸಾಗಿ ಬಿರಿಯುತ್ತದೆ. ಆಗ ನೀವು ಮಾಡುವ ಕಾರ್ಬನ್ ಟ್ರೀಟ್‌ಮೆಂಟ್ ಕೂಡ ಇದೇ ವಿದ್ಯೆ: ಬೇಡದ ಸಾವಯವ ಅಣುಗಳು ನಿಕಲ್ ಬಿಟ್ಟು ಇದ್ದಿಲ ಪುಡಿಗೆ ಅಂಟಿ ಹೊರಬರುತ್ತವೆ.

ಪ್ರಶ್ನೆ: ಪಾದರಸದ ಎಲೆಕ್ಟ್ರೋಡ್ ಇರುವ ದ್ರಾವಣಕ್ಕೆ ಅಮೈಲ್ ಆಲ್ಕೊಹಾಲ್ ಸೇರಿಸಿದರೆ ಕೆಪಾಸಿಟೆನ್ಸ್ ನಡುವೆ ಕುಸಿಯುತ್ತದೆ, ಎರಡೂ ತುದಿಯಲ್ಲಿ ಚೂಪಾಗಿ ಏರಿ ಮತ್ತೆ ಹಳೆಯ ರೇಖೆಯನ್ನೇ ಸೇರುತ್ತದೆ. ಧನ, ಋಣ ಎರಡೂ ಕಡೆ ಒಂದೇ ವರ್ತನೆ ಏಕೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆಲ್ಕೊಹಾಲ್ ಬರುವ ಮೊದಲೇ ಲೋಹದ ಮೇಲೆ ನೀರಿನ ಅಣುಗಳು ಕೂತಿರುತ್ತವೆ. ತುಂಬಿದ ಬಸ್ಸಿನಲ್ಲಿ ನಿಮಗೆ ಸೀಟು ಸಿಗಬೇಕಾದರೆ ಯಾರಾದರೂ ಏಳಲೇಬೇಕು. ನೀರನ್ನು ಎಬ್ಬಿಸುವುದು ಎಷ್ಟು ಸುಲಭ ಎನ್ನುವುದನ್ನು ತೀರ್ಮಾನಿಸುವುದು ವೋಲ್ಟೇಜು. ಪಾದರಸದ ಮೇಲೆ ವಿದ್ಯುದಂಶವೇ ಇಲ್ಲದ ಸ್ಥಿತಿಯಲ್ಲಿ (ಕ್ಯಾಲೊಮೆಲ್ ಎಲೆಕ್ಟ್ರೋಡಿಗೆ ಹೋಲಿಸಿದರೆ ಸುಮಾರು −0.43 ವೋಲ್ಟ್) ನೀರಿನ ಹಿಡಿತ ಸಡಿಲ. ಅಲ್ಲಿಂದ ಯಾವ ಕಡೆಗೆ ದೂರ ಸರಿದರೂ ವಿದ್ಯುತ್ ಕ್ಷೇತ್ರ ಬಲವಾಗುತ್ತದೆ. ಬಲವಾದ ಕ್ಷೇತ್ರಕ್ಕೆ ನೀರಿನಂಥ ಧ್ರುವೀಯ ಅಣುವೇ ಬೇಕು, ಆದ್ದರಿಂದ ಆಲ್ಕೊಹಾಲ್ ಜಾಗ ಬಿಡುತ್ತದೆ. ಲಿಪ್‌ಮನ್ 1875ರಲ್ಲಿ ವೋಲ್ಟೇಜಿನೊಂದಿಗೆ ಪಾದರಸದ ಮೇಲ್ಮೈ ಎಳೆತ ಹೇಗೆ ಬದಲಾಗುತ್ತದೆಂದು ಅಳೆದಿದ್ದರು. ಸಾವಯವ ಅಣುಗಳ ಈ ಬರುಹೋಗುವಿಕೆಗೆ ಸಿದ್ಧಾಂತ ಕಟ್ಟಿದವರು 1920ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಫ್ರುಮ್ಕಿನ್.

ಆಲ್ಕೊಹಾಲ್ ಅಣು ನೀರಿಗಿಂತ ದೊಡ್ಡದು, ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕವೂ ಕಡಿಮೆ. ಅದಕ್ಕೇ ಚದರ ಸೆಂ.ಮೀ.ಗೆ 20 ಮೈಕ್ರೋಫ್ಯಾರಡ್ ಆಸುಪಾಸಿನಲ್ಲಿದ್ದ ಕೆಪಾಸಿಟೆನ್ಸ್ 5ರ ಹತ್ತಿರಕ್ಕೆ ಇಳಿಯುತ್ತದೆ. ಆ ಎರಡು ಚೂಪು ಶಿಖರಗಳು ಅಣುಗಳು ಗುಂಪಾಗಿ ಏಳುವ, ಕೂರುವ ಗಳಿಗೆಗಳು.

ಪ್ರಶ್ನೆ: ಅಂಟಿದ ಅಣು ನಿಂತಿದೆಯೋ ಮಲಗಿದೆಯೋ ಎಂದು ವಿಜ್ಞಾನಿಗಳು ಹೇಳುತ್ತಾರಲ್ಲ, ಕಂಡವರಾರು?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಬೆಳಕು ಚೆಲ್ಲಿ ಕಂಡಿದ್ದಾರೆ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಫ್ಲೈಶ್‌ಮನ್, ಹೆಂಡ್ರಾ, ಮೆಕ್ವಿಲನ್ ಮೂವರೂ ಬೆಳ್ಳಿಯ ಎಲೆಕ್ಟ್ರೋಡನ್ನು ಒರಟುಗೊಳಿಸಿ ಅದರ ಮೇಲೆ ಕೂತ ಪಿರಿಡೀನ್‌ನ ರಾಮನ್ ರೋಹಿತ ಪಡೆದರು. ಮೇಲ್ಮೈ ಹಿಗ್ಗಿದ್ದರಿಂದ ಹೆಚ್ಚು ಅಣು ಸಿಕ್ಕಿವೆ ಎಂದು ಅವರ ಲೆಕ್ಕ. ಆದರೆ ಸಂಕೇತ ಅದಕ್ಕೆ ಲಕ್ಷಗಟ್ಟಲೆ ಪಟ್ಟು ಮೀರಿದೆ ಎಂದು 1977ರಲ್ಲಿ ಎರಡು ತಂಡಗಳು ತೋರಿಸಿದವು. ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡುಕೊಂಡ ಪರಿಣಾಮಕ್ಕೆ ಹೀಗೆ ಹೊಸ ಬಲ ಬಂತು.

ಇಂಥ ವಿಧಾನಗಳ ಜೊತೆಗೆ ಮೇಲ್ಮೈಯ ವಿದ್ಯುದಂಶವನ್ನು ಅಳೆದು ತಿಳಿದದ್ದು ಇಷ್ಟು: ನುಣುಪಾದ ಚಿನ್ನದ ಮುಖದ ಮೇಲೆ ಋಣ ವಿದ್ಯುದಂಶ ಇದ್ದಾಗ ಪಿರಿಡೀನ್‌ನ ಉಂಗುರ ಚಪ್ಪಟೆಯಾಗಿ ಮಲಗುತ್ತದೆ, ಧನವಾದಾಗ ನೈಟ್ರೋಜನ್ ಪರಮಾಣುವನ್ನು ಚಿನ್ನಕ್ಕೆ ಊರಿ ನಿಲ್ಲುತ್ತದೆ. ನಿಂತ ಅಣುವಿಗೆ ಜಾಗ ಕಡಿಮೆ ಸಾಕು, ಆಗ ಇನ್ನಷ್ಟು ಅಣುಗಳು ಒತ್ತಾಗಿ ಹಿಡಿಸುತ್ತವೆ.

ಪ್ರಶ್ನೆ: ಉಕ್ಕಿನ ತಂತಿಯ ತುಕ್ಕು ತೆಗೆಯಲು ಹೈಡ್ರೋಕ್ಲೋರಿಕ್ ಆಸಿಡ್ ಬಳಸುತ್ತಿದ್ದೆವು. ಅಮೈನ್ ಬಗೆಯ ಇನ್‌ಹಿಬಿಟರ್ ಹಾಕಿದರೆ ಉಕ್ಕು ಉಳಿಯುತ್ತಿತ್ತು. ಸಲ್ಫ್ಯೂರಿಕ್‌ಗೆ ಬದಲಾಯಿಸಿದ ಮೇಲೆ ಅದೇ ಇನ್‌ಹಿಬಿಟರ್ ಸೋಲುತ್ತಿದೆ. ಮಾಲು ಕಲಬೆರಕೆಯೇ?
– ಕಾರ್ಖಾನೆ ಮೇಲ್ವಿಚಾರಕರು, ತುಮಕೂರು

ಉತ್ತರ: ಮಾಲನ್ನು ದೂರುವ ಮೊದಲು ಆಸಿಡ್ ನೋಡಿ. ಆಸಿಡ್ಡಿನಲ್ಲಿ ಅಮೈನ್ ಪ್ರೋಟಾನ್ ಪಡೆದು ಧನ ಅಯಾನು ಆಗುತ್ತದೆ. ಉಕ್ಕಿನ ಮೈಯೂ ಸಾಮಾನ್ಯವಾಗಿ ಧನವೇ, ಎರಡೂ ಒಂದನ್ನೊಂದು ದೂಡುತ್ತವೆ. ಹೈಡ್ರೋಕ್ಲೋರಿಕ್‌ನಲ್ಲಿ ಕ್ಲೋರೈಡ್ ಮೊದಲು ಉಕ್ಕಿಗೆ ಅಂಟಿ, ಅಮೈನ್ ಕೂರಲು ಋಣದ ಹಾಸು ಹಾಸುತ್ತದೆ. ಸಲ್ಫೇಟ್ ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ಸಲ್ಫ್ಯೂರಿಕ್‌ಗೆ ಸ್ವಲ್ಪ ಪೊಟ್ಯಾಸಿಯಂ ಅಯೊಡೈಡ್ ಸೇರಿಸಿ ನೋಡಿ. ಅಯೊಡೈಡ್ ಕ್ಲೋರೈಡ್‌ಗಿಂತಲೂ ಬಿಗಿಯಾಗಿ ಹಿಡಿಯುತ್ತದೆ. ಬಿಸಿಯನ್ನೂ ಗಮನಿಸಿ: ಕೇವಲ ವಿದ್ಯುತ್ ಸೆಳೆತದಿಂದ ಅಂಟಿದ ಅಣು ಶಾಖ ಏರಿದಂತೆ ಬಿಟ್ಟುಕೊಳ್ಳುತ್ತದೆ. ಪೂರಾ ಮಾಲಿಗೆ ಹಾಕುವ ಮುನ್ನ ತೂಗಿದ ತಂತಿ ತುಂಡನ್ನು ಅದೇ ಬಿಸಿಯಲ್ಲಿ, ಅಷ್ಟೇ ಹೊತ್ತು ಅದ್ದಿಟ್ಟು ಮತ್ತೆ ತೂಗಿ. ಕಳೆದುಹೋದ ಗ್ರಾಂ ಲೆಕ್ಕವೇ ಯಾವ ಇನ್‌ಹಿಬಿಟರ್ ಬೇಕೆಂದು ಹೇಳುತ್ತದೆ.